ಎರಡರಷ್ಟು ತಪ್ಪಿದ ಕೈ

“ಮೊದಲು ಆ ದುಪಟ್ಟಾ ತೆಗೆದಿಡಿ ಮಾರಾಯ್ರೆ. ತಿರುಗುವ ಲೇತಿಗೆ ಗುರುತು ಪರಿಚಯ ಎಂತದೂ ಇಲ್ಲ. ಸಿಕ್ಕಿದ್ದನ್ನು ಎಳ್ಕೊಳ್ತದೆ.”

ನೀಲಾಂಬಿಕಾ ದುಪಟ್ಟಾ ಮಡಚಿ ಬ್ಯಾಗಿಗೆ ತುರುಕಿದಳು. ರವಿಕುಮಾರ ಅಂಗಿಯ ತೋಳನ್ನು ಮೊಣಕೈವರೆಗೆ ಸುತ್ತಿ, ಬೆರಳಿನ ಉಂಗುರ ಬಿಚ್ಚಿ ಕಿಟಕಿಯಲ್ಲಿಟ್ಟು, ಲೇತಿನ ದೀಪ ಹಾಕಿದರು. ಕೊಲೆಯ ಅನುಮಾನ ತಮ್ಮ ಮೇಲೆ ಬಂದಿದೆ ಎಂದು ತಿಳಿದ ಮನುಷ್ಯನ ತಡಬಡಿಕೆ ಅವರಲ್ಲಿ ಒಂದಿಷ್ಟೂ ಕಾಣಲಿಲ್ಲ.

ಸಂಭಾಜಿನಗರದ ಗಾರಖೇಡಾದ ಆ ಮನೆಯಲ್ಲಿ ಕಾರು ನಿಲ್ಲಬೇಕಾದ ಜಾಗವನ್ನು ಸರಳು ತಿರುಗಿಸಿ ಕೊರೆಯುವ ಲೇತ್ ಯಂತ್ರ ಹಿಡಿದಿತ್ತು. ಕಾರು ಬೀದಿಯಲ್ಲಿ ಬಿಸಿಲಿಗೆ ನಿಂತಿತ್ತು. ಜೀವಮಾನವಿಡೀ ಕಾರ್ಖಾನೆಯಲ್ಲಿ ಕಬ್ಬಿಣ ಕೊರೆದವರು ನಿವೃತ್ತರಾಗಿ ಮನೆಗೆ ಬಂದು ಮತ್ತೆ ಕಬ್ಬಿಣವನ್ನೇ ಕೊರೆಯುತ್ತಾರೆಂದರೆ ಅದನ್ನು ಹವ್ಯಾಸ ಎನ್ನಬೇಕೋ ಹುಚ್ಚು ಎನ್ನಬೇಕೋ ನೀಲಾಂಬಿಕೆಗೆ ತಿಳಿಯದು.

ಇವರ ಗೆಳೆಯ ಕೃಷ್ಣರಾಜರಿಗೂ ಅದೇ ಹುಚ್ಚಿತ್ತು. ನಾಸಿಕ್‌ನಲ್ಲಿ ಅವರದು ಹೆಸರಾದ ಸಸ್ಯಾಹಾರಿ ಹೋಟೆಲು. ಬೆಳಗ್ಗೆಯೆಲ್ಲ ಗಲ್ಲಾದ ಮೇಲೆ ಕೂತು, ಊಟವಾದ ಮೇಲೆ ದೇವಳಾಲಿ ಕ್ಯಾಂಪಿನ ಮನೆಯ ಹಿಂದಿನ ಶೆಡ್ಡು ಸೇರಿ ಪುಟ್ಟ ಪುಟ್ಟ ಉಗಿ ಇಂಜಿನ್ ಮಾಡುತ್ತಿದ್ದರು. ಮಳೆಗಾಲದ ಒಂದು ಸಂಜೆ ಅಂಥದೇ ಇಂಜಿನ್ನಿಗೆ ಬೆಂಕಿ ಹಾಕಿ ಬಗ್ಗಿ ನೋಡುತ್ತಿದ್ದಾಗ ಅದರ ಬಾಯ್ಲರ್ ಸಿಡಿದು ಸತ್ತರು. ಶೆಡ್ಡಿನಲ್ಲಿ ಕೆಲಸಕ್ಕಿದ್ದ ಖಂಡಪ್ಪ ಕೊಲೆಯ ಆರೋಪದ ಮೇಲೆ ಜೈಲಿನಲ್ಲಿದ್ದ.

ಅವನನ್ನು ಹೊರಗೆ ತರುವ ಸಾಕ್ಷಿ ಸಿಕ್ಕಿತೆಂಬ ಧೈರ್ಯದಿಂದಲೇ ನೀಲಾಂಬಿಕಾ ಬೆಳಗ್ಗೆ ನಾಸಿಕ್‌ನಿಂದ ರೈಲು ಹತ್ತಿ ಮನ್ಮಾಡ್ ದಾಟಿ ಇಲ್ಲಿಗೆ ಬಂದಿದ್ದಳು. ಖಂಡಪ್ಪ ಅಲ್ಲವೆಂದಾದರೆ ಮತ್ತೆ ಯಾರು ಎಂಬುದಷ್ಟೇ ಉಳಿದಿತ್ತು. ಆ ‘ಯಾರು’ ಈಗ ಎದುರಿಗೆ ನಿಂತು ಹಳೆಯ ಬನಿಯನ್ನಿನಿಂದ ಲೇತ್ ಒರೆಸುತ್ತಿದ್ದಾರೆ ಎಂಬುದು ಅವಳ ಲೆಕ್ಕ.

“ನೀವು ಮಳೆಗಾಲ ಪೂರಾ ದೇವಳಾಲಿಗೆ ಹೋಗಿಲ್ಲಂತ ಪೊಲೀಸರಿಗೆ ಹೇಳೀರಿ,” ಎಂದಳು.

“ಹೋಗ್ಲಿಲ್ಲ.”

“ಪುಣೆ ಪ್ರದರ್ಶನದಾಗ ಕೃಷ್ಣರಾಜರಿಗೆ ಬಹುಮಾನ ಬಂತಲ್ರಿ, ಆ ಇಂಜಿನ್ನಿನ ಸಿಲಿಂಡರ್ ಮಾಡಿದವರು ಯಾರು?”

“ನಾನು.”

“ಬಹುಮಾನದ ಮ್ಯಾಲೆ ಹೆಸರು?”

“ಅವನದ್ದು ಮಾತ್ರ.” ರವಿಕುಮಾರ ಬನಿಯನ್ನನ್ನು ಮಡಚಿಟ್ಟರು. “ಸಿಟ್ಟು ಬಂದಿತ್ತು. ಈಗಲೂ ಉಂಟು. ಸತ್ತವರ ಮೇಲೆ ಸಿಟ್ಟು ಇಟ್ಕೊಳ್ಳಬಾರದು ಅಂತಾರೆ. ಅದೇನು ಸ್ವಿಚ್ಚಾ, ಆರಿಸ್ಲಿಕ್ಕೆ?”

ನೀಲಾಂಬಿಕೆಯ ಹೊಟ್ಟೆಪಾಡು ಮದುವೆಯ ವಿಚಾರಣೆ. ಹುಡುಗನಿಗೆ ಕುಡಿತ ಇದೆಯೇ, ಹುಡುಗಿಗೆ ಹಿಂದೆ ಎಲ್ಲಾದರೂ ನಿಶ್ಚಯವಾಗಿತ್ತೇ ಎಂದು ಪತ್ತೆ ಮಾಡಿ ಹೇಳುವುದು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಅವಳು ದಿನಾ ನೋಡುತ್ತಾಳೆ. ಈ ಮನುಷ್ಯ ಹೆಗಲು ಮುಟ್ಟಿಕೊಳ್ಳುತ್ತಿಲ್ಲ. ಅದು ಅವಳಿಗೆ ಸ್ವಲ್ಪ ಕಿರಿಕಿರಿಯಾಯಿತು.

ಕೊಲೆಯ ಪ್ರಕರಣ ಅವಳ ಪಾಲಿಗೆ ಬಂದದ್ದೇ ಖಂಡಪ್ಪನ ಹೆಂಡತಿ ಚನಬಸವ್ವನಿಂದ. ಯಾದಗಿರಿ ಕಡೆಯ ಹೆಂಗಸು, ನಾಸಿಕ್‌ನಲ್ಲಿ ಕಟ್ಟಡದ ಕೆಲಸಕ್ಕೆ ಹೋಗುವವಳು, ತಲೆಯಲ್ಲಿ ಸಿಮೆಂಟಿನ ಧೂಳು ಹೊತ್ತೇ ಆಫೀಸಿಗೆ ಬಂದು ಕುರ್ಚಿ ಬಿಟ್ಟು ನೆಲದ ಮೇಲೆ ಕೂತಿದ್ದಳು.

“ನನ್ನ ಗಂಡ ಇರುವಿ ಸೈತ ತುಳಿದಾಂವಲ್ರಿ ಅಕ್ಕಾರ. ‘ಇದು ಒಂದಿನ ನಿಮ್ಮ ಮಾರಿ ಮ್ಯಾಲ ಸಿಡೀತೈತ್ರಿ’ ಅಂತ ಸಾಹೇಬ್ರಿಗೆ ಅಂದಿದ್ದ, ಖರೆ. ಜ್ವಾಕಿ ಅಂತ ಹೇಳಿದ್ದ. ಅದನ್ನ ಪೊಲೀಸರು ಧಮಕಿ ಅಂತ ಬರಕೊಂಡಾರ.”

ನೀಲಾಂಬಿಕೆಯ ತಾಯಿಯೂ ಹೀಗೇ ತಲೆಯ ಮೇಲೆ ಬುಟ್ಟಿ ಹೊತ್ತವಳು, ಮುಧೋಳದಿಂದ ಬಂದವಳು. ಹಾಗಾಗಿ ಇಲ್ಲ ಎನ್ನುವ ಬಾಯಿ ಅವಳಿಗೆ ಬರಲಿಲ್ಲ.

ಬಾಯ್ಲರಿಗೆ ಒಂದು ಸೇಫ್ಟಿ ವಾಲ್ವ್ ಇರುತ್ತದೆ. ಕುಕ್ಕರಿಗೆ ಸೀಟಿ ಇದ್ದ ಹಾಗೆ. ಒಳಗೆ ಉಗಿ ಹೆಚ್ಚಾದಾಗ ಸ್ಪ್ರಿಂಗನ್ನು ಒತ್ತಿಕೊಂಡು ಮೇಲೇಳುತ್ತದೆ, ಉಗಿ ಹೊರಗೆ ಹೋಗುತ್ತದೆ. ಯಾರೋ ಆ ಸ್ಪ್ರಿಂಗಿನೊಳಗೆ ಹಿತ್ತಾಳೆಯ ಪುಟ್ಟ ಕೊಳವೆಯೊಂದನ್ನು, ಲೇತಿನವರು ಬುಶ್ ಎನ್ನುವಂಥದನ್ನು, ಕೂರಿಸಿದ್ದರು. ಸ್ಪ್ರಿಂಗ್ ಕುಗ್ಗಲಿಲ್ಲ, ವಾಲ್ವ್ ಏಳಲಿಲ್ಲ. ಬುಶ್ ತಯಾರಾದದ್ದು ಕೃಷ್ಣರಾಜರದೇ ಲೇತಿನಲ್ಲಿ, ಅವರದೇ ಹಿತ್ತಾಳೆ ಸರಳಿನಿಂದ. ಆ ಲೇತಿಗೆ ಕೈ ಹಾಕುತ್ತಿದ್ದವರು ಸತ್ತ ಯಜಮಾನರು ಮತ್ತು ಖಂಡಪ್ಪ, ಇಬ್ಬರೇ. ಪೊಲೀಸರಿಗೆ ಅಷ್ಟು ಸಾಕಾಗಿತ್ತು.

ಹೋದ ವಾರ ಕೃಷ್ಣರಾಜರ ಹೆಂಡತಿ ಜಲಜಾಕ್ಷಿ ತಾವೇ ಶೆಡ್ಡಿನ ಬೀಗ ತೆಗೆದುಕೊಟ್ಟಿದ್ದರು. ಕಾಟನ್ ಸೀರೆ, ಒತ್ತಾಗಿ ಹಿಂದಕ್ಕೆ ಬಾಚಿದ ಕೂದಲು, ಮಾತು ಕಡಿಮೆ. ಖಂಡಪ್ಪನಿಗೆ ವಕೀಲರನ್ನು ಗೊತ್ತು ಮಾಡಿಕೊಟ್ಟದ್ದೂ ಅವರೇ. ಗಂಡನನ್ನು ಕೊಂದವನೆಂದು ಊರೇ ಹೇಳುವ ಮನುಷ್ಯನಿಗೆ ವಕೀಲ! ಕ್ಯಾಂಪಿನ ಹೆಂಗಸರು ಅದನ್ನೇ ದೊಡ್ಡತನ ಎಂದು ಮಾತಾಡಿಕೊಳ್ಳುತ್ತಿದ್ದರು.

“ಪೊಲೀಸರು ಎಲ್ಲ ಮಗುಚಿ ಹಾಕಿ ಹೋಗಿದ್ದಾರೆ,” ಎಂದಿದ್ದರು ಜಲಜಾಕ್ಷಿ. “ಆ ಡಬ್ಬಿ ಒಂದನ್ನು ಮುಟ್ಟಲಿಲ್ಲ. ನೀವು ನೋಡುದಾದ್ರೆ ನೋಡಿ. ಆಮೇಲೆ ಭಾಂಡಿಯವರಿಗೆ ಕೊಟ್ಟುಬಿಡ್ತೇನೆ.”

“ಯಾವ ಡಬ್ಬಿರೀ?”

“ಹಿತ್ತಾಳೆ ಚೂರಿನದ್ದು. ಕಬ್ಬಿಣ ಬೇರೆ, ಹಿತ್ತಾಳೆ ಬೇರೆ. ಬೆರಕೆಯಾದ್ರೆ ಪಾತ್ರೆ ಮಾಡುವವರು ತಗೊಳ್ಳುದಿಲ್ಲ ಅಲ್ವಾ?”

ಲೇತಿನವರ ಪದ್ಧತಿಯೇ ಅದು. ಹಿತ್ತಾಳೆಯ ಚೂರು ಕೈಗೆ ಬಂದರೆ ಕೈ ತಾನಾಗಿ ಹಿತ್ತಾಳೆಯ ಡಬ್ಬಿಗೇ ಹೋಗುತ್ತದೆ. ಕೊಲೆಗೆಂದು ಬಂದವನ ಕೈಯೂ ಹಾಗೇ ಹೋಗಿತ್ತು. ಕೆಟ್ಟುಹೋದ ತುಂಡನ್ನು ಜೇಬಿಗೆ ಹಾಕಿಕೊಂಡು ದಾರಣಾ ಹೊಳೆಗೆ ಎಸೆಯುವುದು ಬಿಟ್ಟು, ಶಿಸ್ತಾಗಿ ವಿಂಗಡಿಸಿ ಡಬ್ಬಿಗೆ ಹಾಕಿ ಹೋಗಿದ್ದ. ಚಿನ್ನದ ಬಣ್ಣದ ಸಿಪ್ಪೆಯ ಕೆಳಗೆ ನೀಲಾಂಬಿಕೆಗೆ ಸಿಕ್ಕಿದ್ದು ಒಂದು ಬುಶ್. ಕಾಗದದಷ್ಟು ತೆಳ್ಳಗಾಗಿ, ಒಂದು ಪಕ್ಕ ನಜ್ಜಾಗಿತ್ತು.

ಆಮೇಲಿನ ಕೆಲವು ಸಂಜೆಗಳನ್ನು ಅವಳು ಮೊಬೈಲಿನಲ್ಲಿ ಲೇತಿನ ವಿಡಿಯೋ ನೋಡುತ್ತ ಕಳೆದಳು. ಜಗತ್ತಿನಲ್ಲಿ ಇಷ್ಟೊಂದು ಗಂಡಸರು ಮನೆಯ ಹಿತ್ತಿಲಲ್ಲಿ ಕೂತು ಕಬ್ಬಿಣ ಕೊರೆಯುತ್ತ, ಅದನ್ನು ಇಷ್ಟೊಂದು ವಿಸ್ತಾರವಾಗಿ ವರ್ಣಿಸುತ್ತಾರೆಂದು ಅವಳಿಗೆ ಗೊತ್ತೇ ಇರಲಿಲ್ಲ. ಮೊದಲು ಆಕಳಿಸುತ್ತ ನೋಡಿದಳು. ಮೂರನೆಯ ಸಂಜೆ ಎದ್ದು ಕೂತಳು.

ಸರಳು ಹನ್ನೆರಡು ಎಂಎಂ ದಪ್ಪ. ವಾಲ್ವಿನಲ್ಲಿ ಸಿಕ್ಕ ಬುಶ್ ಒಂಬತ್ತು. ಅಂದರೆ ಮೂರು ಕೊರೆಯಬೇಕಿತ್ತು. ಕೆಟ್ಟ ತುಂಡನ್ನು ಅಳೆದರೆ ಆರು. ಮೂರು ಕೊರೆಯುವಲ್ಲಿ ಆರು ಕೊರೆದಿದ್ದ, ಸರಿಯಾಗಿ ಎರಡರಷ್ಟು. ಹೊಸಬನ ತಪ್ಪಾಗಿದ್ದರೆ ಹೀಗೆ ಲೆಕ್ಕ ಹಾಕಿದಂತೆ ಬರುತ್ತಿರಲಿಲ್ಲ.

ಲೋಹ ಕೊರೆಯುವ ಉಳಿ, ಅವರ ಮಾತಿನಲ್ಲಿ ಟೂಲ್, ಎಷ್ಟು ಒಳಗೆ ಹೋಗಬೇಕೆಂದು ತಿಳಿಯಲು ಲೇತಿನಲ್ಲಿ ಅಂಕಿ ಕೊರೆದ ಡಯಲ್ ಇರುತ್ತದೆ. ಸರಳು ತಿರುಗುತ್ತಿರುವುದರಿಂದ ಟೂಲ್ ಒಂದು ಎಂಎಂ ಒಳಗೆ ಸರಿದರೆ ಎರಡೂ ಬದಿಯಿಂದ ಒಂದೊಂದು ಹೋಗಿ ದಪ್ಪ ಎರಡು ಎಂಎಂ ಇಳಿಯುತ್ತದೆ. ಕೆಲವು ಲೇತಿನ ಡಯಲ್ ಟೂಲ್ ಸರಿದದ್ದನ್ನು ತೋರಿಸುತ್ತದೆ. ಅಲ್ಲಿ ಮೂರು ಇಳಿಸಲು ಒಂದೂವರೆ ತಿರುಗಿಸಬೇಕು. ಕೃಷ್ಣರಾಜರದು ಅಂಥದು. ಇನ್ನು ಕೆಲವು ಲೇತಿನ ಡಯಲ್ ದಪ್ಪ ಎಷ್ಟು ಇಳಿಯಿತೆಂಬುದನ್ನೇ ನೇರವಾಗಿ ತೋರಿಸುತ್ತದೆ. ಅಲ್ಲಿ ಮೂರಕ್ಕೆ ಮೂರೇ. ಎರಡನೆಯ ಬಗೆಯ ಲೇತಿನಲ್ಲಿ ಕೈ ಪಳಗಿದವನು ಗಡಿಬಿಡಿಯಲ್ಲಿ ಮೊದಲ ಬಗೆಯದಕ್ಕೆ ಕೈ ಹಾಕಿದರೆ ತಪ್ಪು ಎರಡರಷ್ಟೇ ಆಗುತ್ತದೆ.

ಖಂಡಪ್ಪ ಕೃಷ್ಣರಾಜರ ಹತ್ತಿರ ಬಂದದ್ದು ಹೋದ ದೀಪಾವಳಿಗೆ. ಅದಕ್ಕೆ ಮೊದಲು ಅವನಿಗೆ ಲೇತ್ ಎಂದರೇನೆಂದು ಗೊತ್ತಿರಲಿಲ್ಲ ಎಂದು ಚನಬಸವ್ವ ಹೇಳಿದ್ದಳು.

“ಅದರಕಿಂತ ಮದಲ ನಾವು ಚಾಂದವಡದಾಗ ಇದ್ವಿರಿ. ಉಳ್ಳಾಗಡ್ಡಿ ಗೋಡೌನ್ ಕಟ್ಟು ಕೆಲಸ. ಗಾರಿ ಕಲಸಾಂವಗ ಮಷಿನ್ ಎಲ್ಲಿಂದ ಬರ್ತೈತ್ರಿ?”

ಒಂದೇ ಲೇತ್ ಕಂಡವನು ಇನ್ನೊಂದು ಲೇತಿನ ತಪ್ಪು ಮಾಡಲಾರ. ಈ ಮಾತನ್ನು ನೀಲಾಂಬಿಕಾ ಇನ್‌ಸ್ಪೆಕ್ಟರ್ ಗಾಂಗುರ್ಡೆಯವರಿಗೆ ಮೇಜಿನ ಮೇಲೆ ಪೆನ್ಸಿಲ್ ತಿರುಗಿಸಿ ತಿರುಗಿಸಿ ವಿವರಿಸಿದ್ದಳು. ಮೊದಲು ಅವರು ಮೀಸೆಯಲ್ಲೇ ನಕ್ಕರು. ಆಮೇಲೆ ಇಬ್ಬರು ಪಂಚರನ್ನು ಕರೆಸಿ, ತುಂಡನ್ನು ಲಕೋಟೆಗೆ ಹಾಕಿ ಅರಗು ಒತ್ತಿಸಿ, ಅವಳ ಹೇಳಿಕೆಗೆ ಸಹಿ ಹಾಕಿಸಿಕೊಂಡರು. ಬೇರೆ ಬಗೆಯ ಲೇತಿನಲ್ಲಿ ಕಲಿತವನು ಯಾರೆಂದು ತೋರಿಸಿ ಅಕ್ಕಾ, ಅವನನ್ನೇ ಹಿಡಿಯುತ್ತೇನೆ ಎಂದರು. ನೀಲಾಂಬಿಕಾ ಚೌಕಿಯಿಂದ ಹೊರಗೆ ಬಂದು ಹಬ್ಬ ಬಂದಂತೆ ಪೇಢೆ ಕೊಂಡು ಚನಬಸವ್ವನ ಕೈಗಿಟ್ಟಿದ್ದಳು.

“ಈ ಹನ್ನೆರಡರ ಸರಳನ್ನ ಒಂಬತ್ತು ಮಾಡಿ ತೋರಸ್ರಿ,” ಎಂದಳು ಈಗ, ಬ್ಯಾಗಿನಲ್ಲಿ ತಂದಿದ್ದ ಹಿತ್ತಾಳೆ ಸರಳನ್ನು ರವಿಕುಮಾರರ ಕೈಗಿಡುತ್ತ.

ಅವರು ಏಕೆ ಎಂದು ಕೇಳಲಿಲ್ಲ. ಸರಳನ್ನು ಕಚ್ಚಿಸಿ, ಮೋಟಾರ್ ಹಾಕಿ, ತುದಿಯನ್ನು ಒಂದಿಷ್ಟು ಸವರಿ, ಲೇತ್ ನಿಲ್ಲಿಸಿ ದಪ್ಪ ಅಳೆಯುವ ವರ್ನಿಯರ್ ಹಿಡಿದರು. ಅಳೆದು ನೋಡಿ ತಲೆಯಾಡಿಸಿ ಮತ್ತೆ ಕೊರೆದರು. ಹಿತ್ತಾಳೆ ಪುಡಿಪುಡಿಯಾಗಿ ಉದುರಿತು. ನೀಲಾಂಬಿಕೆಯ ಕಣ್ಣು ಡಯಲಿನ ಮೇಲಿತ್ತು. ಮೂರು ತಿರುಗಿತು. ಸರಳು ಒಂಬತ್ತಾಯಿತು. ಮೂರಕ್ಕೆ ಮೂರು.

ಅವಳಿಗೆ ಒಳಗೊಳಗೇ ಖುಷಿಯಾಯಿತು. ಅದನ್ನು ಮುಚ್ಚಿಡುವ ಗೋಜಿಗೂ ಹೋಗಲಿಲ್ಲ.

“ನಿಮ್ಮ ಡಯಲ್ ದಪ್ಪನ್ನ ತೋರಸ್ತೈತಿ. ಕೃಷ್ಣರಾಜರದು ಹಂಗಲ್ಲ.”

“ಅಲ್ಲ. ಅದು ಹಳೇ ಕಾಲದ್ದು. ಗೊತ್ತುಂಟು.”

“ಹ್ಯಾಂಗ ಗೊತ್ತು?”

“ಆ ಲೇತನ್ನು ಅವನಿಗೆ ಗುಜರಿಯಿಂದ ಹುಡುಕಿ ಕೊಟ್ಟದ್ದೇ ನಾನು ಮಾರಾಯ್ರೆ. ಬಿಚ್ಚಿ ಜೋಡಿಸಿದ್ದೂ ನಾನು. ಅವನಿಗೆ ಅದರಲ್ಲಿ ಕೊರೆಯಲು ಕಲಿಸಿದ್ದೂ ನಾನು.”

ನೀಲಾಂಬಿಕೆಯ ಖುಷಿ ಅರ್ಧಕ್ಕಿಳಿಯಿತು. ಆದರೂ ಮೊಬೈಲ್ ತೆಗೆದು ಕೆಟ್ಟ ತುಂಡಿನ ಫೋಟೋ ಮುಂದೆ ಹಿಡಿದಳು. “ಇದು ನಿಮ್ಮ ಕೈಯ ತಪ್ಪಲ್ಲೇನ್ರಿ?”

ರವಿಕುಮಾರ ಕನ್ನಡಕ ಹಣೆಗೇರಿಸಿ ಫೋಟೋವನ್ನು ಹತ್ತಿರ ಹಿಡಿದು ನೋಡಿದರು. ದೊಡ್ಡದು ಮಾಡಿ ನೋಡಿದರು. ಮುಖದ ಸಮಾಧಾನ ಮೊದಲ ಬಾರಿಗೆ ಕದಡಿತು.

“ಇದು ಎಲ್ಲಿ ಸಿಕ್ಕಿತು?”

“ಅವರ ಹಿತ್ತಾಳಿ ಡಬ್ಬ್ಯಾಗ.”

“ಎಷ್ಟು ಇಳಿದಿತ್ತು?”

“ಆರು. ಮೂರು ಇಳಿಸೋ ಕಡೆ ಆರು.”

ಅವರು ಮೊಬೈಲ್ ಹಿಂದಕ್ಕೆ ಕೊಟ್ಟು ಸ್ಟೂಲಿನ ಮೇಲೆ ಕೂತರು. “ನಾನೀಗ ಎಂತ ಮಾಡಿದೆ, ನೋಡಿದಿರಲ್ಲ? ನನ್ನದೇ ಲೇತ್, ದಿನಾ ಮುಟ್ಟುವ ಲೇತ್. ಆದ್ರೂ ಸ್ವಲ್ಪ ಕೊರೆದು ನಿಲ್ಲಿಸಿ ಅಳೆದೆ. ಮೂವತ್ತು ವರ್ಷದ ಅಭ್ಯಾಸ, ಸತ್ತರೂ ಹೋಗುದಿಲ್ಲ. ಅಳೆಯದೆ ಒಂದೇ ಸಮ ಮೂರು ತಿರುಗಿಸುವವನಿಗೆ ಡಯಲಿನ ಮೇಲೆ ದೇವರಷ್ಟು ನಂಬಿಕೆ ಇರಬೇಕು. ಇಂಥ ಡಯಲಿನಲ್ಲೇ ಮೊದಲು ಕೈ ಪಳಗಿದವನಿಗೆ ಮಾತ್ರ ಅಂಥ ನಂಬಿಕೆ ಇರ್ತದೆ. ಗಡಿಬಿಡಿಯಲ್ಲಿ ಕೈ ಹಳೇ ಅಭ್ಯಾಸಕ್ಕೇ ಹೋಗ್ತದೆ.”

ಮಾತಿನಲ್ಲಿ ಹುರುಳಿತ್ತು. ನೀಲಾಂಬಿಕೆಗೆ ಅದು ಬೇಡವಾಗಿತ್ತು, ಆದರೂ ಇತ್ತು.

“ಈ ಲೇತಿನ ಮ್ಯಾಲೆ ನೀವು ಯಾರಿಗೆ ಕಲಿಸೀರಿ?”

ಅವರು ಎದ್ದು ಕಿಟಕಿಯಲ್ಲಿಟ್ಟಿದ್ದ ಉಂಗುರ ಹಾಕಿಕೊಂಡರು. ಆಚೆ ಪಕ್ಕದ ಸೈಟಿನಲ್ಲಿ ನಾಲ್ಕು ಮಹಡಿಯ ಹೊಸ ಕಟ್ಟಡ, ಬಾಲ್ಕನಿಗಳಲ್ಲಿ ಬಟ್ಟೆ ಒಣಗುತ್ತಿತ್ತು.

“ಪೊಲೀಸರಿಗೆ ನಾನು ಸುಳ್ಳು ಹೇಳಲಿಲ್ಲ. ಅವರು ಕೇಳಲಿಲ್ಲ ಅಷ್ಟೆ. ಕೇಳಿದ್ರೆ ಎಂತ ಹೇಳುದು ಅಂತ ಹೆದರಿಕೊಂಡೇ ಇದ್ದೆ.”

“ಯಾರ್ರೀ?”

“ಆ ಕಟ್ಟಡ ಕಟ್ಟುವಾಗ ಒಬ್ಬ ಸಂಜೆ ಕೆಲಸ ಮುಗಿಸಿ ಈ ಕಿಟಕಿ ಹತ್ತಿರ ಬಂದು ನಿಲ್ತಿದ್ದ. ಮೈಯೆಲ್ಲ ಸಿಮೆಂಟು. ಒಂದು ಮಾತಿಲ್ಲ, ಸುಮ್ಮನೆ ನೋಡುದು. ಕಡೆಗೆ ನಾನೇ ಒಳಗೆ ಕರೆದೆ. ಆರು ತಿಂಗಳು ಈ ಲೇತಿನಲ್ಲಿ ಕಲಿತ. ಒಳ್ಳೆ ಕೈ. ಅಳೆಯುವ ತಾಳ್ಮೆ ಮಾತ್ರ ಇಲ್ಲ, ಎಷ್ಟು ಬೈದರೂ ಡಯಲ್ ನೋಡಿ ತಿರುಗಿಸುದೇ. ಕಟ್ಟಡ ಮುಗಿಯಿತು. ಕೃಷ್ಣರಾಜ ಒಬ್ಬ ಜನ ಬೇಕು ಅಂತಿದ್ದ. ಕಳಿಸಿಕೊಟ್ಟೆ.”

ಹೆಸರು ಕೇಳುವ ಅಗತ್ಯವಿರಲಿಲ್ಲ. ರವಿಕುಮಾರ ತಾವೇ ಹೇಳಿದರು.

“ಖಂಡಪ್ಪ.”

ನೀಲಾಂಬಿಕೆಗೆ ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಗಿತ್ತು. ನಿನ್ನೆಯವರೆಗೆ ಪೊಲೀಸರ ಹತ್ತಿರ ಇದ್ದದ್ದು ಧಮಕಿ ಎಂದು ಬರೆದುಕೊಂಡ ಒಂದು ಮಾತು ಮತ್ತು ಅನುಮಾನ. ಅಷ್ಟನ್ನು ಯಾವ ವಕೀಲನಾದರೂ ಹರಿದು ಹಾಕಬಹುದಿತ್ತು. ಈಗ ಅರಗು ಒತ್ತಿದ ಲಕೋಟೆ ಇತ್ತು, ಅದರ ಜೊತೆಗೆ ಅವಳದೇ ಸಹಿಯ ಹೇಳಿಕೆ ಇತ್ತು: ಕೊಂದವನು ಬೇರೆ ಬಗೆಯ ಲೇತಿನಲ್ಲಿ ಕಲಿತವನು. ಗಾಂಗುರ್ಡೆಯವರು ಈ ಮನೆಯ ಬಾಗಿಲು ತಟ್ಟಿ ಒಂದು ಪ್ರಶ್ನೆ ಕೇಳಿದರೆ ಖಂಡಪ್ಪನ ಕಥೆ ಮುಗಿಯಿತು. ಬಾಗಿಲು ಯಾವುದೆಂದು ತೋರಿಸಿದವಳೂ ಅವಳೇ. ಅವಳಿಗೆ ನಾಚಿಕೆಯಾಯಿತು, ಅದರ ಹಿಂದೆಯೇ ಹೆದರಿಕೆಯಾಯಿತು.

ಈ ಮನುಷ್ಯ ಸುಳ್ಳು ಹೇಳುತ್ತಿರಬಹುದಲ್ಲ? ತನ್ನ ಕುತ್ತಿಗೆ ಉಳಿಸಿಕೊಳ್ಳಲು ಜೈಲಿನಲ್ಲಿರುವವನ ತಲೆಗೆ ಕಟ್ಟುವುದು ಹೊಸದೇನಲ್ಲ. ಅವಳು ಬೀದಿಗೆ ಬಂದು ರವಿಕುಮಾರರ ಕಾರಿನ ನೆರಳಿನಲ್ಲಿ ನಿಂತು ಚನಬಸವ್ವನಿಗೆ ಫೋನ್ ಮಾಡಿದಳು.

ಮೊದಲು ಕೇಳಿದ್ದು ಕಾಂಕ್ರೀಟ್ ಮಿಕ್ಸರಿನ ಗಡಗಡ. ಚನಬಸವ್ವ ದೂರ ಸರಿದು ಮಾತಾಡಿದಳು. “ಹೇಳ್ರಿ ಅಕ್ಕಾರ. ಬಿಡ್ತಾರಂತೇನ್ರಿ?”

“ಚನಬಸವ್ವ, ಒಂದು ಮಾತು ಕೇಳ್ತೀನಿ. ಖರೆ ಹೇಳು. ದೇವಳಾಲಿಗೆ ಬರೂಕಿಂತ ಮದಲ ನೀವು ಎಲ್ಲಿದ್ರಿ?”

“ಚಾಂದವಡದಾಗ್ರಿ. ಹೇಳೀನಲ್ರಿ.”

“ನಾ ಈಗ ಸಂಭಾಜಿನಗರದಾಗ ಅದೀನಿ. ರವಿಕುಮಾರ ಅನ್ನೋರ ಮನಿ ಮುಂದ.”

ಆ ಕಡೆ ಮಿಕ್ಸರ್ ತಿರುಗುತ್ತಲೇ ಇತ್ತು. ಯಾರೋ ಮರಾಠಿಯಲ್ಲಿ ಬುಟ್ಟಿ ತಾ ಎಂದು ಕೂಗುತ್ತಿದ್ದರು.

“ಇದ್ವಿರಿ,” ಎಂದಳು ಚನಬಸವ್ವ ಕಡೆಗೆ. “ಅಲ್ಲೇ ಬಾಜೂಕ ಶೆಡ್ ಹಾಕ್ಕೊಂಡು ಇದ್ವಿ. ಆ ಸಾಹೇಬ್ರ ಕಡೆ ಕಲಿತ. ತಪ್ಪಾತ್ರಿ ಅಕ್ಕಾರ. ಹೇಳಬ್ಯಾಡ ಅಂದಿದ್ರು.”

“ಯಾರು? ಖಂಡಪ್ಪಾ?”

“ಅವಗೂ ಹೇಳಬ್ಯಾಡ ಅಂದಿದ್ರುರಿ. ಇಬ್ಬರಿಗೂ ಆಣಿ ಮಾಡಿಸಿದ್ರು. ಯಾರರ ಕೇಳಿದ್ರ ಚಾಂದವಡ ಅನ್ನ್ರಿ, ಆ ಊರಿನ ಸುದ್ದಿ ಎತ್ತಬ್ಯಾಡ್ರಿ ಅಂದ್ರು.”

“ಅದನ್ನ ಅಂದವರು ಯಾರು, ಚನಬಸವ್ವ?”

“ಜಲಜಕ್ಕಾರ್ರಿ.”

ಖಂಡಪ್ಪನಿಗೆ ವಕೀಲರನ್ನು ಗೊತ್ತು ಮಾಡಿಕೊಟ್ಟವರು, ಹಿತ್ತಾಳೆಯ ಡಬ್ಬಿ ತೋರಿಸಿದವರು. ನೀಲಾಂಬಿಕಾ ಅರೆಗಳಿಗೆ ಸಮಾಧಾನಪಟ್ಟಳು. ವಕೀಲರೇ ಹೇಳಿಕೊಟ್ಟಿರಬೇಕು, ಬಂಧನವಾದ ಮೇಲೆ ಇಂಥ ಬುದ್ಧಿವಾದಗಳೆಲ್ಲ ಬರುತ್ತವೆ. ಕೇಳಿಬಿಡೋಣವೆಂದು ಕೇಳಿದಳು.

“ಯಾವಾಗ ಅಂದ್ರು? ಖಂಡಪ್ಪನ್ನ ಹಿಡಕೊಂಡು ಹ್ವಾದಮ್ಯಾಲೆನು?”

“ಇಲ್ರಿ. ಅದರ ಹಿಂದಿನ ವಾರ.” ಚನಬಸವ್ವ ದನಿ ತಗ್ಗಿಸಿದಳು. “ಸಾಹೇಬ್ರು ಇನ್ನೂ ಜೀವಂತ ಇದ್ರಲ್ರಿ ಆವಾಗ.”